ಎಂಟನೆಯ ಎಸಳು

ಕಳಿಸಿಕೊಟ್ಟ ಕೊಡೆ ವಾಪಸು ಬರುವುದೆಂದರೆ ಆ ಮನೆಗೆ, ಮದುವೆಯಾಗಿ ಹೋದ ಮಗಳು ಪೆಟ್ಟಿಗೆ ಸಮೇತ ತಿರುಗಿ ಬಂದ ಹಾಗೆ. ಆ ಮಂಗಳವಾರ ಒಂದಲ್ಲ, ನಾಲ್ಕು ಬಂದವು. ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ ತಾನೇ ಕೈಗಾಡಿ ತಳ್ಳಿಕೊಂಡು ಬಂದು ಬಾಗಿಲಿಗೆ ಅಡ್ಡ ನಿಲ್ಲಿಸಿದ. ಅವನು ಜಗಳ ಆಡಲಿಲ್ಲ. ಆಡಿದ್ದರೆ ಸುಲಭವಿತ್ತು. ಒಂದು ಕೊಡೆಯನ್ನು ಬೀದಿಯಲ್ಲೇ ಬಿಚ್ಚಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಕಟ್ಟಿಕೊಂಡ.

"ನೋಡಿ," ಎಂದ.

ನೋಡುವುದಕ್ಕೆ ಕನ್ನಡಕ ಬೇಕಿರಲಿಲ್ಲ. ಏಳು ಕಡೆ ಬಿಗಿಯಾಗಿದ್ದ ನೀಲಿ ಬಟ್ಟೆ ಎಂಟನೆಯ ಕಡೆ ಜೋತುಬಿದ್ದಿತ್ತು. ಕೊಡೆ, ಕಿವಿ ಕೇಳಿಸದ ಮುದುಕನ ಹಾಗೆ, ಆ ಕಡೆಗೇ ವಾಲಿ ನಿಂತಿತ್ತು.

"ಗಾಳಿ ಬಂದ್ರೆ ಆ ಜೋಲಿಗೆ ಹೊಕ್ಕು ಕೊಡೇನೇ ಎತ್ತಿ ಒಗೆಯುತ್ತೆ. ಮೊನ್ನೆ ಒಂದು ಹೋಗಿ ಕಿತ್ತಳೆ ರಾಶಿ ಮೇಲೆ ಬಿತ್ತು. ಇಪ್ಪತ್ತು ಹೇಳಿದ್ದೀನಿ. ಇನ್ನು ಆರು ವಾರಕ್ಕೆ ಇಪ್ಪತ್ತೂ ನೆಟ್ಟಗೆ ನಿಲ್ಲಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ."

"ಆಗುತ್ತೆ," ಎಂದ ಮನೆಯ ಯಜಮಾನ. ಹೇಳುತ್ತ ಅವನು ನೋಡಿದ್ದು ವ್ಯಾಪಾರಿಯನ್ನಲ್ಲ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯನ್ನು.

ಮಾರುಕಟ್ಟೆಯ ಗಾಡಿಗಳಿಗೆ ನೆರಳಾಗುವ ಆ ದೊಡ್ಡ ಕೊಡೆಯಲ್ಲಿ ಮನೆಯ ನಾಲ್ವರಿಗೂ ಪಾಲಿತ್ತು. ಕಬ್ಬಿಣದ ಕಡ್ಡಿ, ಮರದ ಕೋಲು ಯಜಮಾನನ ಕೆಲಸ. ಬಟ್ಟೆ ಕತ್ತರಿಸುವುದು ಅವನ ತಾಯಿ. ನಲವತ್ತು ವರ್ಷದಿಂದ ಅದೇ ಕೆಲಸ ಮಾಡಿ ಬೀದಿಗೆಲ್ಲ ಕತ್ತರಿಯಮ್ಮ ಎಂದೇ ಹೆಸರಾಗಿದ್ದರು. ಅವರು ಕತ್ತರಿಸಿ ಕೊಟ್ಟ ಎಂಟು ತ್ರಿಕೋನದ ತುಂಡುಗಳನ್ನು, ಮನೆಯ ಮಾತಿನಲ್ಲಿ ಎಂಟು ಎಸಳುಗಳನ್ನು, ಒಂದಕ್ಕೊಂದು ಹೊಲಿದು ಕೊಡೆಯ ತಲೆ ಮಾಡುವುದು ಸೊಸೆ. ಎಸಳಿನ ಮೂಲೆಗಳನ್ನು ಕಡ್ಡಿಯ ತುದಿಗೆ ಕಟ್ಟುವುದು ಒಂಬತ್ತನೆಯ ತರಗತಿಯ ಮೊಮ್ಮಗಳು. ಅವಳು ಎರಡು ವರ್ಷದವಳಿದ್ದಾಗ ಅಂಗಿಯ ಗುಂಡಿಯೊಂದನ್ನು ನುಂಗಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದಳು. ಅಂದಿನಿಂದ ಗುಂಡಿ ಎಂದೇ ಕರೆಯುತ್ತಿದ್ದರು.

ಕೈಗಾಡಿ ತಿರುವು ದಾಟಿತೋ ಇಲ್ಲವೋ, ಶುರುವಾಯಿತು.

"ಮಿಷನ್ ಮೇಲೆ ಬಟ್ಟೆ, ತೊಡೆ ಮೇಲೆ ಪುಸ್ತಕ," ಎಂದ ಗಂಡ. "ಹೀಗಾಗದೆ ಇನ್ನೇನಾಗುತ್ತೆ?"

"ಹೊಲಿಯುವಾಗ ನಾನು ಪುಸ್ತಕ ಮುಟ್ಟಲ್ಲ."

"ಮುಟ್ಟಬೇಕಾ? ತಲೇಲಿ ಇರುತ್ತಲ್ಲ."

ತಲೆಯಲ್ಲಿ ಇದ್ದದ್ದು ನಿಜ. ಹದಿನೆಂಟು ವರ್ಷದ ಹಿಂದೆ ಹತ್ತನೆಯ ತರಗತಿಯಲ್ಲಿ ಗಣಿತ ಒಂದರಲ್ಲಿ ಸೊಸೆ ನಪಾಸಾಗಿದ್ದಳು. ಈಗ ಸಂಜೆ ಶಾಲೆಗೆ ವಾರಕ್ಕೆ ಮೂರು ದಿನ ಹೋಗಿ ಆ ಒಂದು ಪರೀಕ್ಷೆಗೆ ಓದುತ್ತಿದ್ದಳು. ಆಸ್ಪತ್ರೆಯ ಹೊಲಿಗೆ ವಿಭಾಗದಲ್ಲಿ ಒಂದು ಜಾಗ ಖಾಲಿ ಇತ್ತು. ಹತ್ತನೆಯದು ಪಾಸಾಗಿರಬೇಕು, ಮೂವತ್ತೈದು ತುಂಬಿರಬಾರದು. ಅವಳಿಗೆ ಮೂವತ್ತೈದಾಗಲು ಏಳು ತಿಂಗಳಿತ್ತು, ಪರೀಕ್ಷೆಗೆ ಐದು ವಾರ. ಹಾಸಿಗೆಯ ಬಟ್ಟೆ, ರೋಗಿಗಳ ಅಂಗಿ ಹೊಲಿಯುವ ಕೆಲಸವೇನೂ ಸ್ವರ್ಗವಲ್ಲ. ಆದರೆ ಅಲ್ಲಿ ಅವಳದೇ ಒಂದು ಕುರ್ಚಿ ಇರುತ್ತಿತ್ತು, ವಾರಕ್ಕೊಂದು ರಜೆ ಇರುತ್ತಿತ್ತು, ತಪ್ಪಾದರೆ ತಪ್ಪು ಯಾರದೆಂದು ಕೇಳುವ ಮುಂಚೆ ಅವಳ ಮುಖ ನೋಡುವವರು ಇರುತ್ತಿರಲಿಲ್ಲ. ಅವಳಿಗೆ ಆ ಕುರ್ಚಿ ಬೇಕಿತ್ತು, ತುಂಬಾ ಬೇಕಿತ್ತು.

ಅತ್ತೆ ಒಳಗಿನ ಕೋಣೆಯಿಂದ ಬಂದರು. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

"ನಾನು ಕತ್ತರಿಸಿದ್ದು ಯಾವತ್ತಾದ್ರೂ ವಾಪಸು ಬಂದಿತ್ತಾ?"

"ಇಲ್ಲಮ್ಮ," ಎಂದ ಮಗ.

"ಮತ್ತೆ."

ಆ 'ಮತ್ತೆ'ಗೆ ಮುಂದೆ ಮಾತು ಬೇಕಿರಲಿಲ್ಲ. ಗಂಡ ತೀರ್ಪು ಕೊಟ್ಟ. ನಾಲ್ಕೂ ಬಿಚ್ಚಿ ಹೊಲಿಯಬೇಕು. ಮುಂದಿನವು ಹೀಗೇ ಆದರೆ ಸಂಜೆ ಶಾಲೆ ನಿಲ್ಲಬೇಕು.

"ಪರೀಕ್ಷೆ?" ಎಂದಳು ಸೊಸೆ.

"ಕೊಡೆ ನೆಟ್ಟಗಿದ್ರೆ ಪರೀಕ್ಷೆ."

ಸೊಸೆ ಮೊದಲು ತನ್ನನ್ನೇ ಅನುಮಾನಿಸಿದಳು. ಹಳೆಯ ಯಂತ್ರ ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ; ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಈ ಸಲ ಪ್ರತಿ ಜೋಡಣೆಗೂ ಕೈಯಲ್ಲಿ ಟಾಕು, ಅಂದರೆ ಬಿಡಿ ಹೊಲಿಗೆ, ಹಾಕಿ, ಆಮೇಲೆ ಯಂತ್ರಕ್ಕೆ ಕೊಟ್ಟಳು. ಒಂದಕ್ಕೆ ಎರಡು ಸರಿಹೋಯಿತು. ಎರಡಕ್ಕೆ ಮೂರು, ಮೂರಕ್ಕೆ ನಾಲ್ಕು, ಎಲ್ಲ ಸರಿ. ಹೆಚ್ಚೆಂದರೆ ನೂಲಿನಷ್ಟು ಎಳೆದುಕೊಂಡರೆ ಸಾಕು. ಕೊನೆಗೆ ಎಂಟನೆಯದನ್ನು ತಂದು ಒಂದನೆಯದಕ್ಕೆ ಸೇರಿಸುವಾಗ ಎರಡು ಬೆರಳಿನಷ್ಟು ಬಟ್ಟೆ ಮಿಕ್ಕಿತು. ಬಿಚ್ಚಿದಳು, ಮತ್ತೆ ಟಾಕು ಹಾಕಿದಳು. ಮತ್ತೆ ಅಷ್ಟೇ ಮಿಕ್ಕಿತು. ತಪ್ಪು ತನ್ನದಾದರೆ ಪ್ರತಿ ಸಲ ಬೇರೆ ಬೇರೆ ಅಳತೆಗೆ ಆಗಬೇಕಿತ್ತು. ಇದು ಹೇಳಿ ಮಾಡಿಸಿದ ಹಾಗೆ ಅದೇ ಎರಡು ಬೆರಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಅತ್ತೆ, ಎಸಳು ಕತ್ತರಿಸುವಾಗ ಅಳತೆಹಲಗೆ ಸರಿಯಾಗಿ ಕೂರ್ತಿದೆಯಾ?"

ಅಳತೆಹಲಗೆ ಎಂದರೆ ಮಾವ ಇದ್ದಾಗ ಮರದಲ್ಲಿ ಮಾಡಿಟ್ಟ ತ್ರಿಕೋನ. ಬಟ್ಟೆಯ ಮೇಲೆ ಅದನ್ನಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು ಆ ಮನೆಯ ಪದ್ಧತಿ. ಅತ್ತೆ ಅನ್ನದ ಮೇಲೆ ಸಾರು ಸುರಿದುಕೊಳ್ಳುತ್ತಿದ್ದವರು ಸೌಟನ್ನು ಪಾತ್ರೆಗೆ ಹಾಕಿದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಾನು ಕೇಳಿದ್ದಷ್ಟೇ."

"ನನ್ನ ಕೈ ಡೊಂಕು ಅಂತ ಕೇಳಿದೆ. ನೀನು ಈ ಮನೆಗೆ ಬರೋ ಮುಂಚೆ ನಾನು ಕತ್ತರಿಸಿದ ಕೊಡೆ ಬಿರುಗಾಳೀಲಿ ನಿಂತಿದ್ದಾವೆ."

"ಊಟ ಮಾಡೋಕೆ ಬಿಡ್ತೀರಾ ಇಬ್ಬರೂ?" ಎಂದ ಗಂಡ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವನಿಗೆ ಬೇರೆ ಮಾತು ತೋಚುವುದಿಲ್ಲ. ಬೇಗ ಬೇಗ ತಿಂದು ಎದ್ದು ಹೋದ. ಅತ್ತೆ ತಟ್ಟೆ ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕತ್ತರಿಸುವ ಕೋಣೆಯ ಬಾಗಿಲು ಹಿಂದೆಂದೂ ಹಾಕುತ್ತಿರಲಿಲ್ಲ. ಈಚೆಗೆ ಬೆಳಕು ಬರುತ್ತದೆ, ಧೂಳು ಬರುತ್ತದೆ ಎಂದು ಏನಾದರೂ ಒಂದು ನೆಪ ಇರುತ್ತಿತ್ತು.

ಎರಡನೆಯ ವಾರ ಹೀಗೆಯೇ ಹಲ್ಲುಕಚ್ಚಿಕೊಂಡು ಕಳೆಯಿತು. ಮೂರನೆಯ ವಾರದ ಭಾನುವಾರ ಬೆಳಿಗ್ಗೆ ಸೊಸೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಗುಂಡಿ ಪುಸ್ತಕ ಹಿಡಿದುಕೊಂಡು ಒಪ್ಪಿಸಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ತಾಯಿಗೆ ಮಗಳೇ ಮೇಷ್ಟ್ರು, ಅದೂ ಬೆತ್ತದ ಮೇಷ್ಟ್ರು.

"ಸರ್ವಸಮ ಅಂದ್ರೆ ಏನಮ್ಮ?"

"ಒಂದು ತ್ರಿಭುಜದ ಮೇಲೆ ಇನ್ನೊಂದು ಇಟ್ಟರೆ ಕೂದಲೆಳೆಯೂ ಮಿಗದ ಹಾಗೆ ಕೂರೋದು."

"ಕೂರುತ್ತೆ ಅಂತ ಇಡದೇನೇ ಹೇಗೆ ಗೊತ್ತಾಗುತ್ತೆ?"

"ಮೂರು ಬಾಹು ಮೂರು ಬಾಹುಗೆ ಸಮ ಇದ್ರೆ ಸಾಕು. ಬಾ ಬಾ ಬಾ."

"ಯಾರನ್ನೇ ಅದು ಕರೀತಿರೋದು?" ಎಂದರು ಅತ್ತೆ, ನೀರು ಕುಡಿಯಲು ಬಂದವರು. "ಯಾರೂ ಬರಲ್ಲ. ಬೇಗ ಒಲೆ ಹಚ್ಚಿ."

ಗುಂಡಿ ನಕ್ಕಳು. ಸೊಸೆ ನಗಲಿಲ್ಲ. ಅತ್ತೆ ಹೋದ ಮೇಲೆ ಹುಡುಗಿ ಮುಂದುವರಿಸಿದಳು: "ಒಂದನೇದು ಎರಡನೇದಕ್ಕೆ ಸರ್ವಸಮ, ಎರಡನೇದು ಮೂರನೇದಕ್ಕೆ ಸರ್ವಸಮ. ಹಾಗಾದ್ರೆ ಒಂದನೇದು?"

"ಮೂರನೇದಕ್ಕೆ..." ಎಂದವಳು ಚಾಕು ಕೆಳಗಿಟ್ಟಳು. ಒಂದು ಎರಡಕ್ಕೆ ಸರಿ. ಎರಡು ಮೂರಕ್ಕೆ ಸರಿ. ಏಳು ಎಂಟಕ್ಕೂ ಸರಿ. ಎಂಟು ಮಾತ್ರ ಒಂದಕ್ಕೆ ಸರಿಯಿಲ್ಲ. ಪುಸ್ತಕದ ಪ್ರಕಾರ ಇದು ಆಗಲೇಬಾರದು. ಆಗುತ್ತಿದೆ ಎಂದರೆ, ಪಕ್ಕಪಕ್ಕದವೂ ನಿಜವಾಗಿ ಸರಿಯಿಲ್ಲ. ಕಣ್ಣಿಗೆ ಕಾಣದಷ್ಟು, ಕೈಗೆ ಸಿಗದಷ್ಟು ತಪ್ಪು, ಒಂದೇ ಕಡೆಗೆ.

ಹಜಾರಕ್ಕೆ ಹೋದಳು. ಇನ್ನೂ ಹೊಲಿಯದ ಎಂಟು ಎಸಳುಗಳ ಒಂದು ಕಟ್ಟು ಬೆಂಚಿನ ಮೇಲಿತ್ತು. ಕತ್ತರಿಸಿದ ಸಾಲಿನಲ್ಲೇ ಜೋಡಿಸಿಡುವುದು ಅತ್ತೆಯ ಪದ್ಧತಿ. ಅಡಿಯದನ್ನು ಎಳೆದು ನೆಲಕ್ಕೆ ಹಾಸಿ, ಮೇಲಿನದನ್ನು ಅದರ ಮೇಲಿಟ್ಟಳು. ಮೇಲಿನದು ಮೂರು ಕಡೆಯೂ ಚಾಚಿಕೊಂಡಿತ್ತು. ಸುತ್ತ ಬಿಳಿ ಸೀಮೆಸುಣ್ಣದ ಗೆರೆ ಪೂರಾ ಬಟ್ಟೆಯಲ್ಲೇ ಉಳಿದಿತ್ತು. ಗೆರೆಯ ಒಳಗೆ ಕತ್ತರಿಸಬೇಕಾದ್ದನ್ನು ಗೆರೆಯ ಹೊರಗೆ ಕತ್ತರಿಸಿದ್ದರು. ಅಷ್ಟೇ ಆಗಿದ್ದರೆ ಎಂಟೂ ಒಂದೇ ಅಳತೆಗೆ ದೊಡ್ಡದಾಗಬೇಕಿತ್ತು. ಹಾಗಾಗಿರಲಿಲ್ಲ. ಒಂದಕ್ಕಿಂತ ಎರಡು, ಎರಡಕ್ಕಿಂತ ಮೂರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆದಿತ್ತು. ಹಲಗೆಯಿಂದ ಕತ್ತರಿಸಿದ್ದರೆ ಹೀಗಾಗುವುದಿಲ್ಲ. ಈ ಕೈ ಹಿಂದಿನ ಎಸಳನ್ನೇ ಬಟ್ಟೆಯ ಮೇಲಿಟ್ಟು ಮುಂದಿನದನ್ನು ಕತ್ತರಿಸಿದೆ.

ಅವಳು ಆಗಲೇ ಕೋಣೆಯ ಬಾಗಿಲು ತಟ್ಟಿ ಅತ್ತೆಯೊಬ್ಬರಿಗೇ ಹೇಳಬಹುದಿತ್ತು. ಆಮೇಲೆ ಎಷ್ಟೋ ದಿನ ಅವಳು ಅದನ್ನೇ ಯೋಚಿಸಿದಳು. ಆದರೆ ಮೂರು ವಾರದ ಸಿಟ್ಟು ಗಂಟಲಲ್ಲಿತ್ತು. ಎಲ್ಲರೂ ಊಟಕ್ಕೆ ಬರುವವರೆಗೆ ಕಾದಳು.

ಗಂಡ ಕೈತೊಳೆದು ಬಂದಾಗ ನೆಲದ ಮೇಲೆ ಎರಡು ನೀಲಿ ಎಸಳು ಒಂದರ ಮೇಲೊಂದು ಹಾಸಿದ್ದವು.

"ಊಟಕ್ಕೆ ಮುಂಚೆ ಇದನ್ನೊಂದು ನೋಡಿ. ಕೆಳಗಿರೋದು ಒಂದನೇದು, ಮೇಲಿರೋದು ಎಂಟನೇದು. ಎರಡಕ್ಕೂ ನನ್ನ ಸೂಜಿ ಇನ್ನೂ ತಾಗಿಲ್ಲ."

ಗಂಡ ಬಗ್ಗಿದ. ಮಿಕ್ಕಿದ ಅಂಚಿನ ಮೇಲೆ ಬೆರಳಿಟ್ಟು ನೋಡಿದ. ತಾಯಿಯ ಕಡೆ ತಿರುಗಿದ.

"ಅಮ್ಮ, ಹಲಗೆ ಎಲ್ಲಿ?"

"ಕೋಣೇಲಿದೆ."

"ತಗೊಂಡು ಬಾ."

"ಊಟ ಆರಿಹೋಗ್ತಿದೆ."

ಅವನು ತಾನೇ ಒಳಗೆ ಹೋದ. ಕಪಾಟು ತೆರೆದ ಸದ್ದು, ಮಂಚ ಎಳೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಎರಡು ಕೈಯಲ್ಲಿ ಹಲಗೆಯ ಎರಡು ಹೋಳಿದ್ದವು. ನೆತ್ತಿಯಿಂದ ಬುಡದವರೆಗೆ ಸೀಳಿತ್ತು. ನೆತ್ತಿಯ ಒಂದು ಚಕ್ಕೆ ಪೂರಾ ಹೋಗಿತ್ತು.

"ಯಾವಾಗ?"

"ಮೂರು ತಿಂಗಳಾಯ್ತು. ಕೈಯಿಂದ ಜಾರಿತು." ಅತ್ತೆ ಮಗನ ಮುಖ ನೋಡಲಿಲ್ಲ. "ಹೋಳು ಜೋಡಿಸಿಕೊಂಡು ಮೊದಲನೇದು ಕತ್ತರಿಸ್ತೀನಿ. ಜೋಡಿಸಿ ಹಿಡಿಯೋಕೆ ಮೂರು ಕೈ ಬೇಕು. ಆಮೇಲೆ ಕತ್ತರಿಸಿದ್ದನ್ನೇ ಇಟ್ಕೊಂಡು ಮುಂದಿನದು."

"ಹೇಳಬಾರದಿತ್ತಾ?"

"ಹೇಳಿದ್ರೆ ಯಾಕೆ ಜಾರಿತು ಅಂತ ಕೇಳ್ತಿದ್ರಿ. ಗೆರೆ ಕಾಣುತ್ತಾ ಅಂತ ಕೇಳ್ತಿದ್ರಿ. ಕತ್ತರಿ ಕಿತ್ಕೊಂಡು ಮೂಲೇಲಿ ಕೂರಿಸ್ತಿದ್ರಿ."

"ಅಜ್ಜಿ, ನಿನಗೆ ಗೆರೆ ಕಾಣಲ್ವಾ?" ಎಂದಳು ಗುಂಡಿ.

ಅತ್ತೆ ಸೊಂಟದ ಚೀಲದಿಂದ ದೊಡ್ಡ ಕತ್ತರಿ ತೆಗೆದು, ಸೊಸೆಯ ತಟ್ಟೆಯ ಪಕ್ಕ ಇಟ್ಟರು.

"ತಗೋ. ಗೆದ್ದೆ. ಇನ್ನು ನೀನೇ ಕತ್ತರಿಸು, ನೀನೇ ಹೊಲಿ."

ಗೆದ್ದ ಖುಷಿ ಸೊಸೆಗೆ ಒಂದು ತಟ್ಟೆ ತೊಳೆಯುವಷ್ಟು ಹೊತ್ತೂ ಉಳಿಯಲಿಲ್ಲ. ಅತ್ತೆ ಹೇಳಿದ್ದು ಸಿಟ್ಟಿನ ಮಾತು ಎಂದುಕೊಂಡಿದ್ದಳು. ಅದು ಲೆಕ್ಕದ ಮಾತೂ ಆಗಿತ್ತು. ಹೊಲಿದಿದ್ದ ಎಂಟು ಕೊಡೆಗಳ ಎಸಳು ಬಿಚ್ಚಿ ಒಂದನೆಯದರ ಅಳತೆಗೆ ಇಳಿಸಿದರೆ ಸರಿಹೋಗುತ್ತಿತ್ತು. ಇನ್ನೂ ಹನ್ನೆರಡು ಕೊಡೆ ಬಾಕಿ, ಒಂದೊಂದಕ್ಕೆ ಎಂಟು ಎಸಳು. ಗಂಡನಿಗೆ ಕಡ್ಡಿ ಬಗ್ಗಿಸಿ ಗೊತ್ತೇ ಹೊರತು ಕತ್ತರಿ ಹಿಡಿದು ಗೊತ್ತಿಲ್ಲ. ಅವನು ತಪ್ಪು ಒಪ್ಪಿಕೊಂಡ. ಒಪ್ಪಿಕೊಂಡ ಬಾಯಿಯಲ್ಲೇ ಇನ್ನೊಂದು ಮಾತೂ ಆಡಿದ.

"ನಿನ್ನ ತಪ್ಪಲ್ಲ, ಆಯ್ತು. ಆದ್ರೆ ಈಗ ಎರಡು ಕೆಲಸಾನೂ ನಿಂದೇ. ಪರೀಕ್ಷೆ ಮುಂದಿನ ವರ್ಷ ಬರೀಬಹುದು."

"ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತೆ."

"ನಾನೇನು ಮಾಡಲಿ ಹೇಳು?"

ಸೊಸೆ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಬೆಳಿಗ್ಗೆ ಗುಡಿಸುವುದು, ಅಡುಗೆ, ಬಟ್ಟೆ ಒಗೆಯುವುದು. ಆಮೇಲೆ ಹಲಗೆಯ ಹೋಳು ಜೋಡಿಸಿ ಗೆರೆ ಎಳೆಯುವುದು. ಗಂಡ ಅಂಟು ಹಾಕಿ ಹೋಳು ಕೂಡಿಸಿದ, ಆದರೆ ನೆತ್ತಿಯ ಚಕ್ಕೆಯಿಲ್ಲದೆ ತುದಿ ಎಲ್ಲಿ ಬರಬೇಕೆಂದು ಪ್ರತಿ ಸಲ ಅಂದಾಜು ಮಾಡಬೇಕಿತ್ತು. ನಾಲ್ಕು ದಿನದಲ್ಲಿ ಒಂದು ಕೊಡೆಯೂ ಮುಗಿಯಲಿಲ್ಲ. ಸಂಜೆ ಶಾಲೆಗೆ ಎರಡು ಸಲ ಹೋಗಲಾಗಲಿಲ್ಲ.

ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಬೈದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ. ಊಟಕ್ಕೆ ಕರೆದರೆ ಬಂದು ನಾಲ್ಕು ತುತ್ತು ತಿಂದು ಹೋಗುತ್ತಿದ್ದರು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಬೀದಿಯವರು "ಏನು ಕತ್ತರಿಯಮ್ಮ, ಇವತ್ತು ರಜೆಯಾ?" ಎಂದರೆ, "ಹೂಂ, ರಜೆ," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಸೊಸೆಗೆ ತನ್ನ ಮೇಲೇ ಕೋಪ ಬರುತ್ತಿತ್ತು. ಕೋಪಕ್ಕೆ ಕೆಲಸ ನಿಲ್ಲುವುದಿಲ್ಲವಲ್ಲ, ಮತ್ತೆ ಯಂತ್ರ ತುಳಿಯುತ್ತಿದ್ದಳು.

ಐದನೆಯ ದಿನ ಅಂದಾಜಿಟ್ಟ ನೆತ್ತಿ ಕೈಕೊಟ್ಟು ಎಂಟು ಎಸಳು ಹಾಳಾದವು. ಸೊಸೆ ಹಲಗೆಯನ್ನು ಗೋಡೆಗೆ ಒರಗಿಸಿ ಎದ್ದಳು.

"ಇದನ್ನ ಒಲೆಗೆ ಹಾಕಿ. ಹೊಸದು ಮಾಡೋಣ."

"ನೆತ್ತಿ ಕೋನ ಎಷ್ಟು ಅಂತ ಯಾರಿಗೆ ಗೊತ್ತು?" ಎಂದ ಗಂಡ. "ಅಪ್ಪ ಹೇಳಿ ಹೋಗಿಲ್ಲ."

"ಕೋನ ಬೇಡ. ಬದಿ ಎಷ್ಟು?"

"ಕಡ್ಡಿ ಉದ್ದ. ನಾಲ್ಕು ಅಡಿ."

"ಬುಡ?"

"ಮೂರಡಿಗೆ ಒಂದಿಂಚು ಕಮ್ಮಿ. ಎರಡು ಕಡ್ಡಿ ತುದಿಗೆ ನಡುವೆ ಅಷ್ಟೇ ಜಾಗ. ಆದ್ರೆ ಕೋನ ಗೊತ್ತಿಲ್ಲದೆ..."

"ಮೂರು ಬದಿ ಗೊತ್ತಿದ್ರೆ ತ್ರಿಭುಜ ಒಂದೇ ಆಗೋಕೆ ಸಾಧ್ಯ. ಬೇರೆ ಥರ ಮಾಡ್ತೀನಿ ಅಂದ್ರೂ ಆಗಲ್ಲ. ಕೋನ ತಾನಾಗಿ ಬಂದು ಕೂರುತ್ತೆ."

ಅಂಗಡಿಯಿಂದ ತಂದ ದೊಡ್ಡ ರಟ್ಟನ್ನು ಹಜಾರದಲ್ಲಿ ಹಾಸಿದರು. ಮೂವತ್ತೈದು ಇಂಚು ದೂರಕ್ಕೆ ಎರಡು ಮೊಳೆ ಹೊಡೆದರು. ಒಂದೊಂದು ಮೊಳೆಗೆ ನಾಲ್ಕಡಿಯ ಒಂದೊಂದು ದಾರ ಕಟ್ಟಿ, ಗುಂಡಿ ಒಂದನ್ನೂ ಸೊಸೆ ಒಂದನ್ನೂ ಹಿಡಿದು ಎಳೆದರು. ದಾರದ ತುದಿಗಳು ಕೂಡಿದ ಜಾಗದಲ್ಲಿ ಗಂಡ ಚುಕ್ಕೆಯಿಟ್ಟ. ಬೇರೆಲ್ಲೂ ಅವು ಕೂಡಲಿಲ್ಲ. ಅವನು ಎರಡು ಸಲ ಜರುಗಿಸಿ ನೋಡಿದ.

ರಟ್ಟು ಕತ್ತರಿಸಿ ಎತ್ತಿದಾಗ ಮೆಟ್ಟಿಲ ಕಡೆಯಿಂದ ಧ್ವನಿ ಬಂತು. ಐದು ದಿನದಲ್ಲಿ ಅತ್ತೆ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು.

"ಮಗುಚಿ ಇಟ್ಟು ನೋಡಿದ್ರಾ?"

"ಏನತ್ತೆ?"

"ಅದರ ಸುತ್ತ ಗೆರೆ ಎಳೆ. ಆಮೇಲೆ ಎಡ ಬಲ ಆಗೋ ಹಾಗೆ ಮಗುಚಿ ಅದೇ ಗೆರೆ ಮೇಲೆ ಇಡು. ಎರಡು ಬದಿ ಸಮ ಇದ್ರೆ ತನ್ನ ಗೆರೇಲಿ ತಾನೇ ಕೂರಬೇಕು. ಕೂರದಿದ್ರೆ ಎಲ್ಲೋ ಸುಳ್ಳಿದೆ."

ಸೊಸೆ ಗೆರೆ ಎಳೆದಳು, ಮಗುಚಿ ಇಟ್ಟಳು. ಬುಡ ಸರಿಯಾಗಿ ಕೂತಿತು. ನೆತ್ತಿ ಕಾಲಿಂಚು ಪಕ್ಕಕ್ಕೆ ಹೋಯಿತು.

"ಬಾ ಬಾ ಬಾ ಅಂತ ಕರೆದರೆ ಸಾಲದು," ಎಂದರು ಅತ್ತೆ. "ಬಂದವರನ್ನ ನೋಡಿ ಒಳಗೆ ಬಿಡಬೇಕು."

ಗಂಡ ಮೊಳೆಗಳನ್ನು ಪರೀಕ್ಷಿಸಿದ. ಗುಂಡಿ ಕಟ್ಟಿದ ದಾರದ ಗಂಟು ಸಡಿಲಾಗಿ ಜಾರಿತ್ತು. ದಾರ ಬಿಟ್ಟು ಕಬ್ಬಿಣದ ಕಡ್ಡಿಗಳನ್ನೇ ತಂದು ಮತ್ತೆ ಅಳೆದರು. ಎರಡನೆಯ ರಟ್ಟು ಮಗುಚಿದರೂ ತನ್ನ ಗೆರೆಯಲ್ಲೇ ಕೂತಿತು. ಅದನ್ನಿಟ್ಟು ಗಂಡ ಪ್ಲೈವುಡ್ಡಿನಲ್ಲಿ ಹಲಗೆ ಕೊಯ್ದು, ಅಂಚು ಉಜ್ಜಿ, ಮರುದಿನ ಬೆಳಿಗ್ಗೆ ಕಡ್ಡಿ ತರಲು ಹೊರಗೆ ಹೋದ. ಗುಂಡಿ ಶಾಲೆಗೆ ಹೋದಳು. ಮನೆಯಲ್ಲಿ ಇಬ್ಬರೇ ಉಳಿದರು.

ಅತ್ತೆ ಮೆಟ್ಟಿಲಿನಿಂದ ಎದ್ದು ಬಂದು ಹಲಗೆಯ ದಪ್ಪ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಬಟ್ಟೆ ಎಳೆದುಕೊಂಡರು. ಹಲಗೆ ಇಟ್ಟು ಒಂದು ಕೈಯಿಂದ ಒತ್ತಿ ಹಿಡಿದು, ಸೀಮೆಸುಣ್ಣ ಮುಟ್ಟದೆ, ಕತ್ತರಿಯ ಒಂದು ಅಲಗನ್ನು ಅಂಚಿಗೇ ಒರಗಿಸಿ ಕತ್ತರಿಸುತ್ತ ಹೋದರು. ಕಣ್ಣು ಬಟ್ಟೆಯ ಮೇಲಿರಲೇ ಇಲ್ಲ. ಎಸಳು ಬಿಡಿಸಿಕೊಂಡು ಬಂತು.

"ದಿನಕ್ಕೆ ಎಂಟು ಕತ್ತರಿಸ್ತೀನಿ," ಎಂದರು. "ನೀನು ಹೋಗಿ ನಿನ್ನ ಪರೀಕ್ಷೆ ಬರಿ. ಆದ್ರೆ ಒಂದು ಮಾತು. ನನ್ನ ಹಿಂದೆ ಯಾರೂ ಅಳತೆ ಹಿಡಿದು ನಿಲ್ಲಬಾರದು."

ಹೂಂ ಎಂದರೆ ಆ ಕ್ಷಣಕ್ಕೇ ಎಲ್ಲ ಮುಗಿಯುತ್ತಿತ್ತು. ಪರೀಕ್ಷೆ ಕೈಗೆ ಸಿಗುತ್ತಿತ್ತು. ಸೊಸೆಯ ಬಾಯಿಗೆ ಹೂಂ ಬಂದಿತ್ತು ಕೂಡ.

"ಹಾಗೆ ಮಾತು ಕೊಡೋಕೆ ಆಗಲ್ಲ ಅತ್ತೆ. ಎಂಟನೇದನ್ನ ಒಂದನೇದರ ಮೇಲೆ ಇಟ್ಟು ನೋಡದೆ ನಾನು ಹೊಲಿಯಲ್ಲ."

ಅತ್ತೆ ಕತ್ತರಿಯನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಸೊಸೆ ಕತ್ತರಿ ಮತ್ತೆ ತನ್ನ ತಟ್ಟೆಯ ಪಕ್ಕಕ್ಕೆ ಬಂದೀತೆಂದು ಕಾದಳು.

"ನೋಡ್ಕೋ," ಎಂದರು ಅತ್ತೆ ಕೊನೆಗೆ. "ಆದ್ರೆ ಅವನ ಮುಂದೆ ಬೇಡ."

"ಅವತ್ತು ಅವರ ಮುಂದೆ ಹಾಸಬಾರದಿತ್ತು. ತಪ್ಪಾಯ್ತು."

"ಆಯ್ತು. ಒಲೆ ಮೇಲೆ ಏನೋ ಸೀಯ್ತಿದೆ, ನೋಡು."

ಅಂದಿನಿಂದ ದಿನಾ ಯಜಮಾನ ಹೊರಗೆ ಹೋದ ಮೇಲೆ ಹಜಾರದಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಮಾತಿಲ್ಲ. ಸೊಸೆ ಒಂದನೆಯದನ್ನು ಹಾಸುತ್ತಿದ್ದಳು, ಎಂಟನೆಯದನ್ನು ಮೇಲಿಡುತ್ತಿದ್ದಳು. ಅತ್ತೆ ಬಾಗಿಲ ಬಳಿ ನಿಂತು ಬೇರೆ ಕಡೆ ನೋಡುತ್ತಿದ್ದರು. ಎರಡು ಸಲ ಎಂಟನೆಯದು ಸರಿ ಕೂರಲಿಲ್ಲ. ಎರಡು ಸಲವೂ ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಇನ್ನೊಂದು ತಂದಿಟ್ಟರು.

ಪರೀಕ್ಷೆಯ ಬೆಳಿಗ್ಗೆ ಸೊಸೆ ಅನ್ನಕ್ಕೆ ಇಟ್ಟು, ಕೊನೆಯ ಕೊಡೆಗಳಲ್ಲಿ ಒಂದರ ಅಂಚು ಮಡಿಸಿ ಹೊಲಿದು ಹೊರಟಳು. ಕೈಗೆ ಯಂತ್ರದ ಎಣ್ಣೆಯ ವಾಸನೆ ಇತ್ತು. ಶಾಲೆಯ ಬೆಂಚು ಗಿಡ್ಡ, ಮೊಣಕಾಲು ತಾಗುತ್ತಿತ್ತು. ಅರ್ಧ ಪತ್ರಿಕೆಯವರೆಗೆ ಹೇಗೋ ಬಂದಳು. ಮೂರು ಅಂಕದ ಒಂದು ಪ್ರಶ್ನೆಯಲ್ಲಿ ನಿಂತುಬಿಟ್ಟಳು: ಎರಡು ಬಾಹುಗಳು ಸಮನಾಗಿರುವ ತ್ರಿಭುಜದಲ್ಲಿ ಅವುಗಳಿಗೆ ಎದುರಿನ ಕೋನಗಳೂ ಸಮ ಎಂದು ಸಾಧಿಸಿ. ಪುಸ್ತಕದಲ್ಲಿ ಇದಕ್ಕೆ ನೆತ್ತಿಯಿಂದ ಒಂದು ಗೆರೆ ಎಳೆಯುತ್ತಾರೆ. ಯಾವ ಗೆರೆ, ಎಲ್ಲಿಗೆ, ಅವಳಿಗೆ ನೆನಪಾಗಲಿಲ್ಲ. ಗುಂಡಿ ಹತ್ತು ಸಲ ಹೇಳಿಕೊಟ್ಟಿದ್ದಳು. ತಲೆ ತೊಳೆದಿಟ್ಟ ಪಾತ್ರೆಯ ಹಾಗಿತ್ತು.

ಕಣ್ಣು ಮುಚ್ಚಿದಳು. ಕಂಡದ್ದು ಹಜಾರದ ನೆಲ, ರಟ್ಟು, ಗೆರೆ. ಲೇಖನಿ ಎತ್ತಿ ಬರೆದಳು: ಈ ತ್ರಿಭುಜವನ್ನು ಎಡ ಬಲವಾಗುವಂತೆ ಮಗುಚಿ ಅದರ ಮೇಲೆಯೇ ಇಟ್ಟಾಗ, ಎಡ ಬಾಹು ಬಲ ಬಾಹುವಿಗೆ ಸಮ, ಬಲ ಬಾಹು ಎಡ ಬಾಹುವಿಗೆ ಸಮ, ಪಾದ ಪಾದಕ್ಕೆ ಸಮ. ಮೂರು ಬಾಹುಗಳೂ ಸಮವಾದ್ದರಿಂದ ತ್ರಿಭುಜವು ತನ್ನ ಮಗುಚಿದ ರೂಪಕ್ಕೆ ಸರ್ವಸಮ. ಆದ್ದರಿಂದ ಎಡ ಕೋನ ಬಲ ಕೋನಕ್ಕೆ ಸಮ.

ಮನೆಗೆ ಬಂದು ಹೇಳಿದಾಗ ಗುಂಡಿ ಹಣೆ ಚಚ್ಚಿಕೊಂಡಳು. "ಪುಸ್ತಕದಲ್ಲಿ ಹಾಗಿಲ್ಲಮ್ಮ. ಹೋಯ್ತು ಮೂರು ಮಾರ್ಕು."

"ಯಾಕೆ ಹೋಗುತ್ತೆ?" ಎಂದರು ಅತ್ತೆ ಕೋಣೆಯೊಳಗಿಂದ. "ಸುಳ್ಳು ಬರೆದಳಾ?"

ಸಂಜೆ ಶಾಲೆಯ ಮೇಷ್ಟ್ರು ಪೂರಾ ಪತ್ರಿಕೆ ಕೂಡಿಸಿ ಕಳೆದು ನೋಡಿದರು. ಉಳಿದದ್ದಕ್ಕೆಲ್ಲ ಸೇರಿ ಮೂವತ್ತಮೂರು ಬರಬಹುದು, ಹೆಚ್ಚೆಂದರೆ ಮೂವತ್ತನಾಲ್ಕು. ಪಾಸಿಗೆ ಮೂವತ್ತೈದು ಬೇಕು. ಅವಳು ಮತ್ತೆ ಬರೆದು ತೋರಿಸಿದ ಮಗುಚಿದ ಉತ್ತರವನ್ನು ಅವರು ಬಹಳ ಹೊತ್ತು ನೋಡಿದರು. "ತಪ್ಪೇನಿಲ್ಲ," ಎಂದರು. "ಆದ್ರೆ ತಿದ್ದೋರು ಪುಸ್ತಕ ಬಿಟ್ಟು ನ್ಯಾಯ ನೋಡ್ತಾರೋ ಇಲ್ವೋ."

ಇಪ್ಪತ್ತೂ ಕೊಡೆ ಮುಗಿದವು. ಹಣ್ಣಿನ ವ್ಯಾಪಾರಿ ಒಂದೊಂದನ್ನೂ ಬೀದಿಯಲ್ಲಿ ಬಿಚ್ಚಿ, ಸುತ್ತು ಬಂದು ನೋಡಿ ಒಯ್ದ. ಇನ್ನೂ ಹತ್ತು ಬೇಕೆಂದ. ಮೊದಲ ಮಳೆ ಬಂತು, ಗಾಳಿಯೂ ಬಂತು. ಕೈಗಾಡಿ ಮಾತ್ರ ವಾಪಸು ಬರಲಿಲ್ಲ. ಫಲಿತಾಂಶ ಬಂದ ದಿನ ಯಜಮಾನ ಹೊಸ ಕೊಡೆಗಳಿಗೆ ಕೋಲು ತರಲು ಹೋಗಿದ್ದ. ಗುಂಡಿ ಒದ್ದೆ ಚಪ್ಪಲಿಯಲ್ಲೇ ಓಡಿ ಬಂದಳು.

"ಮೂವತ್ತಾರು."

ಸೊಸೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು.

"ಎಷ್ಟಕ್ಕೆ?" ಎಂದರು ಅತ್ತೆ.

"ನೂರಕ್ಕೆ, ಅಜ್ಜಿ."

"ನೂರಕ್ಕೆ ಮೂವತ್ತಾರು. ಊರಿಗೆಲ್ಲ ಹೇಳಿ ಬಾ ಹೋಗು."

"ಪಾಸಜ್ಜಿ. ಮೂವತ್ತೈದು ಬಂದ್ರೆ ಪಾಸು. ನಿನ್ನ ಮಗುಚೋ ಲೆಕ್ಕಕ್ಕೆ ಮೂರು ಕೊಟ್ಟಿರಲೇಬೇಕು. ಅದಿಲ್ಲದಿದ್ರೆ ಮೇಷ್ಟ್ರು ಹೇಳಿದ ಹಾಗೆ ಮೂವತ್ತಮೂರು, ನಪಾಸು."

ಅತ್ತೆ ಕತ್ತರಿಸುತ್ತಿದ್ದುದನ್ನು ನಿಲ್ಲಿಸಿದರು. ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ್ದು ಮುಖದಲ್ಲಿ ಕಂಡಿತು. ಆಸ್ಪತ್ರೆ, ಕುರ್ಚಿ, ಖಾಲಿ ಯಂತ್ರ.

"ಹಾಗಾದ್ರೆ ನಿನ್ನ ನಾನೇ ಕಳಿಸಿಕೊಟ್ಟ ಹಾಗಾಯ್ತು," ಎಂದರು.

ಇಷ್ಟು ದಿನ ಹೊರಗೆ ಹೋಗಬೇಕೆಂದೇ ಓದಿದವಳಿಗೆ ಈಗ ಕಣ್ಣು ತುಂಬಿ ಬಂತು; ಅದು ಖುಷಿಯದೇ ಎಂದು ಹೇಳುವಂತಿರಲಿಲ್ಲ. ಗುಂಡಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡಿ, ಚಪ್ಪಲಿ ಬಿಡುವ ನೆಪ ಮಾಡಿ ಹೊರಗೆ ಹೋದಳು.

ಅತ್ತೆ ಕೈಯಲ್ಲಿದ್ದ ಎಸಳನ್ನು ಕೊನೆಯವರೆಗೆ ಕತ್ತರಿಸಿ ಎತ್ತಿದರು.

"ಅವನು ಮನೇಲಿಲ್ಲ ತಾನೇ?"

"ಇಲ್ಲ ಅತ್ತೆ."

"ಹಾಗಾದ್ರೆ ಬಾ, ಒಂದನೇದನ್ನ ಹಾಸು. ನೀನು ಹೋದ್ಮೇಲೆ ಯಾರು ನೋಡ್ತಾರೆ?"

ಸೊಸೆ ಎದ್ದು ಕಟ್ಟಿನ ಅಡಿಯಿಂದ ಒಂದನೆಯದನ್ನು ಎಳೆದು ನೆಲಕ್ಕೆ ಹಾಸಿದಳು. ಅತ್ತೆ ಈ ಸಲ ಬಾಗಿಲ ಬಳಿ ಹೋಗಲಿಲ್ಲ. ಎಂಟನೆಯದನ್ನು ತಾವೇ ಅದರ ಮೇಲಿಟ್ಟು, ಸೊಸೆಯ ಕೈ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತರು.